ಬುದ್ಧನೂ ಮನೆ ಬಿಟ್ಟವನಲ್ಲವೇ?

ಪ್ರಶ್ನೆ: ನನಗೆ 31 ವರ್ಷ, ಅಪ್ಪ ಅಮ್ಮನ ಜೊತೆ ಇದ್ದೇನೆ. ಎರಡು ವರ್ಷದಿಂದ ಧ್ಯಾನ ಮಾಡುತ್ತಿದ್ದೇನೆ. ನೆಂಟರಿಷ್ಟರ ಗೊಡವೆ ಬಿಟ್ಟು, ಬೇರೆ ಮನೆ ಮಾಡಿ ಒಬ್ಬನೇ ಇರುವ ಆಸೆ. ಮನೆಯವರು ಸ್ವಾರ್ಥಿ ಎನ್ನುತ್ತಾರೆ. ಬುದ್ಧನೂ ಮನೆ ಬಿಟ್ಟವನಲ್ಲವೇ?

ಉತ್ತರ: ಬೇರೆ ಮನೆ ಮಾಡುವುದು ಖಂಡಿತ ತಪ್ಪಲ್ಲ. ಆದರೆ ಅದಕ್ಕೆ ಬುದ್ಧನನ್ನು ಸಾಕ್ಷಿಗೆ ಕರೆಯುವ ಮೊದಲು ಅವನು ಕಟ್ಟಿದ ಭಿಕ್ಷುಗಳ ಸಂಘವನ್ನು ನೋಡಿ. ತಂದೆ ತಾಯಿ ಒಪ್ಪದೆ ಅಲ್ಲಿ ದೀಕ್ಷೆಯಿಲ್ಲ. ಹೊಸ ಭಿಕ್ಷು ಕನಿಷ್ಠ 5 ವರ್ಷ ಗುರುವಿನ ಆಶ್ರಯದಲ್ಲಿರಬೇಕು. ತಿಂಗಳಿಗೆರಡು ಬಾರಿ ಎಲ್ಲರೂ ಕೂಡಿ ಪಾತಿಮೊಕ್ಖದ, ಅಂದರೆ ಭಿಕ್ಷುಗಳ ನಿಯಮಾವಳಿಯ, ಪಠಣಕ್ಕೆ ಕೂರಬೇಕು. ಥೇರವಾದ ಎಂಬ ಬೌದ್ಧ ಪಂಥದಲ್ಲಿ ಅದರ ನಿಯಮಗಳು 227. ಅನ್ನವನ್ನು ನಾಳೆಗೆಂದು ಎತ್ತಿಡುವಂತಿಲ್ಲ, ಹಾಗಾಗಿ ಪ್ರತಿದಿನದ ತುತ್ತಿಗೂ ಗೃಹಸ್ಥರನ್ನೇ ನೆಚ್ಚಬೇಕು. ಮನೆ ಬಿಟ್ಟವರು ಹೋಗಿ ಸೇರಿದ್ದು ಇನ್ನೂ ಬಿಗಿಯಾದ ಸಮಾಜವನ್ನೇ.

ಮೇಘಿಯ ಎಂಬ ಭಿಕ್ಷುವಿಗೂ ನಿಮ್ಮದೇ ಆತುರವಿತ್ತು. ಇನ್ನೊಬ್ಬ ಭಿಕ್ಷು ಬರುವತನಕ ಇರು ಎಂದು ಬುದ್ಧ ಹೇಳಿದರೂ ಕೇಳದೆ ಮಾವಿನ ತೋಪಿಗೆ ಹೋಗಿ ಒಬ್ಬನೇ ಕೂತ. ಕಾಮ, ದ್ವೇಷ, ಹಿಂಸೆಯ ಯೋಚನೆಗಳೇ ಮುತ್ತಿಕೊಂಡವು. ವಾಪಸು ಬಂದಾಗ, ಮನಸ್ಸು ಮಾಗಲು ಬೇಕಾದ ಐದು ಸಂಗತಿಗಳನ್ನು ಬುದ್ಧ ಹೇಳಿದ. ಮೊದಲನೆಯದೇ ಒಳ್ಳೆಯ ಗೆಳೆತನ. ಧ್ಯಾನಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಜನರ ಮೇಲಿನ ಬೇಸರವನ್ನು ಉಪೇಕ್ಷೆ, ಅಂದರೆ ಸಮಚಿತ್ತ, ಎಂದುಕೊಳ್ಳುತ್ತಾರೆ. ಒಂದು ವಾರ ಗಮನಿಸಿ: ನೆಂಟರ ಫೋನ್ ಬಂದಾಗ ಎದೆ ಬಿಗಿಯುತ್ತದೆಯೇ? ಹಾಗಾದರೆ ಅದು ಉಪೇಕ್ಷೆಯಲ್ಲ, ಬೇಸರ. ಹೊಸ ಮನೆಗೂ ನಿಮ್ಮ ಜೊತೆಯೇ ಬರುತ್ತದೆ.

ಇನ್ನು ಮನೆಯವರ ಮಾತು. ಬುದ್ಧ ಗೃಹಸ್ಥರಿಗೆಂದೇ ಹೇಳಿದ ಸಿಗಾಲೋವಾದ ಸುತ್ತ ಎಂಬ ಉಪದೇಶದಲ್ಲಿ ಮಕ್ಕಳ ಕರ್ತವ್ಯ ಐದೇ: ಸಾಕಿದವರನ್ನು ಸಾಕುವುದು, ಅವರ ಕೆಲಸಕ್ಕೆ ಹೆಗಲು ಕೊಡುವುದು, ಕುಲಪದ್ಧತಿ ಉಳಿಸುವುದು, ಆಸ್ತಿಗೆ ತಕ್ಕವರಾಗುವುದು, ಅವರು ತೀರಿಕೊಂಡ ಮೇಲೆ ಅವರ ಹೆಸರಲ್ಲಿ ದಾನ ಮಾಡುವುದು. ತಂದೆ ತಾಯಿಗೂ ಐದು ಕರ್ತವ್ಯಗಳಿವೆ, ಋಣ ಎರಡೂ ಕಡೆಯದು. ಒಂದೇ ಸೂರಿನಡಿ ಇರಬೇಕೆಂದಾಗಲಿ, ಪ್ರತಿ ಸಮಾರಂಭಕ್ಕೆ ಹೋಗಬೇಕೆಂದಾಗಲಿ ಪಟ್ಟಿಯಲ್ಲಿಲ್ಲ. ಕುಲಪದ್ಧತಿ ಎಂಬ ಮಾತನ್ನು ಹಿಡಿದು ಮನೆಯವರು ವಾದಿಸಬಹುದು. ಎಷ್ಟರಮಟ್ಟಿಗೆ ಎಂಬುದನ್ನು ಅವರ ಜೊತೆ ಕೂತೇ ಮಾತಾಡಬೇಕು, ನೀವೊಬ್ಬರೇ ತೀರ್ಮಾನಿಸಿದರೆ ಅಲ್ಲೇ ಮನಸ್ಸು ಮುರಿಯುತ್ತದೆ.

ಅದೇ ಸುತ್ತ ಗಳಿಕೆಯನ್ನು ನಾಲ್ಕು ಪಾಲು ಮಾಡುತ್ತದೆ: ಒಂದು ಅನುಭವಿಸಲು, ಎರಡು ಕಸುಬಿಗೆ, ಒಂದು ಆಪತ್ತಿಗೆ. ಬಾಡಿಗೆಯೂ ಅಪ್ಪ ಅಮ್ಮನ ಖರ್ಚೂ ಕಳೆದ ಮೇಲೆ ಆಪತ್ತಿನ ಪಾಲು ಉಳಿಯದಿದ್ದರೆ ಸದ್ಯಕ್ಕೆ ಹೊರಡಬೇಡಿ. ಉಳಿಯುತ್ತದೆ ಎಂದಾದರೆ ವಿಷಯ ತೆಗೆಯಿರಿ, ಆದರೆ ಜಗಳದ ನಡುವೆ ಬೇಡ. ಸಮಯ ನೋಡಿ, ನಿಜವನ್ನೇ, ಮೃದುವಾಗಿ, ಉಪಯೋಗವಾಗುವಷ್ಟನ್ನು, ಪ್ರೀತಿಯಿಂದ ಹೇಳಬೇಕೆಂಬುದು ಸಮ್ಯಕ್ ವಾಚೆಯ, ಅಂದರೆ ಸರಿಯಾದ ಮಾತಿನ, ಐದು ಗುಣ. 'ನನಗೆ ಬಿಡುಗಡೆ ಬೇಕು' ಎಂದರೆ ಅವರಿಗೆ ಕೇಳಿಸುವುದು 'ನೀವು ಬೇಡ' ಎಂದೇ. ಅದರ ಬದಲು ವಾರದಲ್ಲಿ ಯಾವ ದಿನ ಬರುತ್ತೀರಿ, ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂಬುದನ್ನು ಮೊದಲು ಹೇಳಿ. ಬೇರೆ ಮನೆಯ ಮಾತು ಆಮೇಲೆ.