ಹಳೇ ಸೀರಿಯಲ್ ಹುಚ್ಚು

ಪ್ರಶ್ನೆ: ಇನ್ನೂ ಅದೇ ಮಾಲ್ಗುಡಿ ಡೇಸ್, ಮಾಯಾಮೃಗ ಅಂತ ಕೂತಿರ್ತೀಯಲ್ಲ ಅಂತ ಮನೇಲಿ ಬೈತಾರೆ. ಅವುಗಳಲ್ಲಿ ಅಂಥದ್ದೇನಿದೆ?
– ಓದುಗರು, ಸೋಮವಾರಪೇಟೆ

ಉತ್ತರ: ತುಂಬಾ ಇದೆ ಕಣ್ರೀ. ಶಂಕರ್ ನಾಗ್ 80ರ ದಶಕದಲ್ಲಿ ಆಗುಂಬೇಲಿ ಶೂಟ್ ಮಾಡಿದ ಮಾಲ್ಗುಡಿ ನೋಡಿ, ಮಾತು ಹಿಂದಿ ಆದ್ರೂ ಆ ಮಳೆ, ಜಗಲಿ, ಹೆಂಚಿನ ಮನೆ ಎಲ್ಲಾ ನಮ್ಮ ಕೊಡಗಿಂದೇ ಅನ್ಸೋದು, ಅದಕ್ಕೇ ಮಡಿಕೇರಿ ಮಳೇಲೂ ಆಂಟೆನಾ ತಿರುಗ್ಸಿ ತಿರುಗ್ಸಿ ನೋಡ್ತಿದ್ವಿ, ಕರೆಂಟ್ ಹೋದ್ರೆ ಪಕ್ಕದ್ಮನೆಯವ್ರ ಜೊತೆ ಅದೇ ಮಾತಾಡ್ಕೊಂಡು ಕೂರ್ತಿದ್ವಿ. ಅದ್ರಲ್ಲಿ ಸ್ವಾಮಿ ಅನ್ನೋ ಹುಡುಗನ ಪಾತ್ರ ಮಾಡಿದ್ದ ಮಾಸ್ಟರ್ ಮಂಜುನಾಥ್ ಥರ ಸಹಜವಾಗಿ ಮಾಡೋ ಹುಡುಗನ್ನ ನಾನಂತೂ ಆಮೇಲೆ ಕಂಡಿಲ್ಲ! ಟಿ.ಎನ್. ಸೀತಾರಾಮ್ ತಂಡದ ಮಾಯಾಮೃಗಾನೂ ಇಷ್ಟಾನೇ. ಆದ್ರೆ ಹೊಸ ಸೀರಿಯಲ್ ನೋಡೋರನ್ನ ಹೀಯಾಳಿಸೋ ಅಭಿಮಾನಿಗಳ ಜೊತೆ ನಾನಿಲ್ಲ. ಮನೆಯವ್ರಿಗೆ ಸ್ವಾಮಿ ಕಂತುಗಳನ್ನ ಮೊದ್ಲು ತೋರ್ಸಿ.