ಎರಡು ಕಸ, ಒಂದು ಇಟ್ಟಿಗೆ

ಪ್ರಿಯ ಓದುಗರೇ,

ಕೆಡವಿದ ಕಟ್ಟಡಗಳ ಕಾಂಕ್ರೀಟ್ ಗುಡ್ಡೆ ಬೀಳುತ್ತಿದೆ, ಪ್ಲಾಸ್ಟಿಕ್ ಕಸಕ್ಕೆ ಕೊನೆಯೇ ಇಲ್ಲ. ಎರಡನ್ನೂ ಪುಡಿಮಾಡಿ ಒಂದೇ ಇಟ್ಟಿಗೆಗೆ ಸೇರಿಸಿದರೆ ಎರಡು ಪೀಡೆಯೂ ತೊಲಗುತ್ತದಲ್ಲ, ಇಂಥ ಇಟ್ಟಿಗೆಗಳ ಬಗೆಗಿನ ನಮ್ಮ ಲೇಖನ ಅಳೆದೂ ಸುರಿದೂ ಮಾತನಾಡಿದ್ದೇಕೆ ಎಂದು ಕೇಳಿದ್ದೀರಿ. ನಿಮ್ಮ ಕಾಳಜಿ ನನ್ನದೂ ಹೌದು. ಆದರೆ ಈ ಎರಡು ಕಸಗಳ ಗುಣ ಬೇರೆ, ಅವುಗಳಿಗೆ ತಕ್ಕ ಜಾಗವೂ ಬೇರೆ.

ಕಾಂಕ್ರೀಟ್ ಮತ್ತೆ ಇಟ್ಟಿಗೆಯಾಗುವುದಕ್ಕೆ ನನ್ನ ಪೂರ್ಣ ಬೆಂಬಲವಿದೆ. ಕ್ರಷರ್‌ನಿಂದ ಬಂದ ಒಂದು ತುಂಡನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಹಳೆಯ ಜಲ್ಲಿಕಲ್ಲು, ಅದರ ಮೈಗೆ ಅಂಟಿದ ಬೂದುಬಣ್ಣದ ಗಾರೆ. ನಾಲ್ಕು ಹನಿ ನೀರು ಹಾಕಿದರೆ ಕಲ್ಲಿನ ಬರಿಮೈ ಒದ್ದೆಯಾಗಿ ಹೊಳೆಯುತ್ತದೆ, ಗಾರೆ ಇರುವ ಕಡೆ ನೀರು ಒಳಗಿಳಿಯುತ್ತದೆ. ಮರುಬಳಕೆ ಜಲ್ಲಿಯ ತೊಂದರೆಗಳಲ್ಲಿ ಹೆಚ್ಚಿನವು ಈ ಪದರದಿಂದಲೇ ಬರುತ್ತವೆ. ಒಣಗಿದ್ದನ್ನು ಹಾಗೆಯೇ ಸುರಿದರೆ ಸಿಮೆಂಟಿಗೆಂದು ಹಾಕಿದ ನೀರನ್ನು ಅದೇ ಹೀರಿಕೊಳ್ಳುತ್ತದೆ, ಮಿಶ್ರಣ ಅಚ್ಚಿನಲ್ಲಿ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಜಲ್ಲಿಯನ್ನು ಮೊದಲೇ ನೆನೆಸಿ, ಮೇಲ್ಮೈ ಆರಿದ ಮೇಲೆ ಬಳಸುತ್ತಾರೆ. ಕಬ್ಬಿಣದ ಕಂಬಿಯನ್ನು ಅಯಸ್ಕಾಂತ ಎತ್ತಿಬಿಡುತ್ತದೆ. ಮರದ ಚೂರು, ಜಿಪ್ಸಮ್ ಪ್ಲಾಸ್ಟರ್ ಮಾತ್ರ ಮೊದಲೇ ಬೇರ್ಪಡಬೇಕು. ಜಿಪ್ಸಮ್‌ನಲ್ಲಿರುವ ಸಲ್ಫೇಟ್ ಸಿಮೆಂಟಿನೊಂದಿಗೆ ವರ್ತಿಸಿ ಉಬ್ಬುತ್ತದೆ, ಕಟ್ಟಿ ಎಷ್ಟೋ ಕಾಲವಾದ ಮೇಲೆ ಗೋಡೆ ಬಿರುಕು ಬಿಡುತ್ತದೆ. ಇವು ಶ್ರಮದ ಕೆಲಸಗಳೇ ಹೊರತು ಅಸಾಧ್ಯವಾದವಲ್ಲ. ಸ್ಕಾಟ್ಲೆಂಡಿನ ಹೆರಿಯಟ್-ವಾಟ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿದ ಕೆ-ಬ್ರಿಕ್ ಎಂಬ ಇಟ್ಟಿಗೆಯಲ್ಲಿ ಶೇ. 90ಕ್ಕೂ ಹೆಚ್ಚು ಕಟ್ಟಡದ ಕಸವೇ ಇದೆ, ಅದನ್ನು ಗೂಡಿನಲ್ಲಿ ಸುಡುವುದೂ ಇಲ್ಲ. ಮಣ್ಣಿನ ಇಟ್ಟಿಗೆ ಬೇಯಲು ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಬೇಕೆಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಪ್ಲಾಸ್ಟಿಕ್ಕಿನ ವಿಷಯಕ್ಕೆ ಬಂದರೆ ನಾನು ಬಿಗಿಯಾಗುತ್ತೇನೆ. ಅದನ್ನು ಕರಗಿಸಿ ಮರಳಿನೊಂದಿಗೆ ಅಚ್ಚಿಗೆ ಒತ್ತುವುದು ಒಂದು ದಾರಿ. ಇಲ್ಲಿ ಸಿಮೆಂಟ್ ಬೇಕಿಲ್ಲ, ಪ್ಲಾಸ್ಟಿಕ್ಕೇ ಅಂಟು. ಕೀನ್ಯಾದ ನೈರೋಬಿಯಲ್ಲಿ ಎನ್‌ಜಾಂಬಿ ಮಾಟೀ ಎಂಬ ಎಂಜಿನಿಯರ್ ಹೀಗೆ ನೆಲಕ್ಕೆ ಹಾಸುವ ಬ್ಲಾಕ್‌ಗಳನ್ನು ತಯಾರಿಸಿ 2020ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಯುವ ಪ್ರಶಸ್ತಿ ಪಡೆದರು. ನೆಲಕ್ಕೆ ಎಂಬುದನ್ನು ಗಮನಿಸಿ. ಭಾರ ಹೊರುವ ಗೋಡೆಯಲ್ಲಿ ಸದಾ ಒತ್ತಡಕ್ಕೆ ಸಿಕ್ಕ ಪ್ಲಾಸ್ಟಿಕ್ ನಿಧಾನವಾಗಿ ಬಾಗುತ್ತದೆ. ಬಿಸಿಗೆ ಮೆತ್ತಗಾಗುತ್ತದೆ, ಬೆಂಕಿ ಬಿದ್ದರೆ ಉರಿದು ಹೊಗೆಯುಗುಳುತ್ತದೆ.

ಇನ್ನೂ ದೊಡ್ಡ ಚಿಂತೆ ಕರಗಿಸುವವರದ್ದು. ತೆಳು ಚೀಲದ ಪಾಲಿಥೀನ್ ಸುಮಾರು 110 ಡಿಗ್ರಿಗೆ ಕರಗುತ್ತದೆ, ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕಿಗೆ ಸುಮಾರು 250 ಬೇಕು. ಆ ಬಿಸಿಯಲ್ಲಿ ನೀರಿನ ಕೊಳವೆಗೆ ಬಳಸುವ ಪಿವಿಸಿ ಪ್ಲಾಸ್ಟಿಕ್ಕಿನ ಚೂರು ಸೇರಿಕೊಂಡಿದ್ದರೆ ಅದು ಒಡೆದು, ಶ್ವಾಸಕೋಶವನ್ನು ಸುಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಸಿಕ್ಕಿದ್ದನ್ನೆಲ್ಲ ಒಂದೇ ಹಂಡೆಗೆ ಸುರಿದು ಕುದಿಸುವ ಕಡೆ ಆ ಗಾಳಿಯನ್ನು ಉಸಿರಾಡುವವನು ಪಕ್ಕದಲ್ಲಿ ನಿಂತು ಕಲಕುವ ಕೂಲಿಕಾರ. ಪರಿಸರ ಉಳಿಸುವ ಹೆಸರಿನಲ್ಲಿ ಅವನ ಶ್ವಾಸಕೋಶ ಹಾಳಾಗುವುದನ್ನು ಈ ಪತ್ರಿಕೆ ಒಪ್ಪುವುದಿಲ್ಲ.

ಇನ್ನೊಂದು ದಾರಿ, ನೀವು ಹೇಳಿದಂತೆ ಪ್ಲಾಸ್ಟಿಕ್ ಚೂರನ್ನು ಕಾಂಕ್ರೀಟ್ ಪುಡಿ ಮತ್ತು ಸಿಮೆಂಟಿನೊಂದಿಗೆ ಕಲಸುವುದು. ಇಟ್ಟಿಗೆ ಹಗುರಾಗುತ್ತದೆ, ಶಾಖವನ್ನೂ ಕಡಿಮೆ ಹಾಯಿಸುತ್ತದೆ. ಆದರೆ ನುಣುಪಾದ, ನೀರಿಗೆ ಒಗ್ಗದ ಮೈಯನ್ನು ಸಿಮೆಂಟ್ ಕಚ್ಚಿ ಹಿಡಿಯುವುದಿಲ್ಲ; ಪ್ಲಾಸ್ಟಿಕ್ ಪಾಲು ಏರಿದಂತೆ ಬಲ ಇಳಿಯುತ್ತದೆ. ಇದಕ್ಕಿಂತ ನನ್ನನ್ನು ಕಾಡುವುದು ಬೇರೆ. ಇಂದು ಹಳೆಯ ಕಾಂಕ್ರೀಟ್ ಮರುಬಳಕೆಗೆ ಸಿಗುತ್ತಿರುವುದು ಅದರಲ್ಲಿ ಕಲ್ಲು, ಮರಳು, ಸಿಮೆಂಟ್ ಮಾತ್ರ ಇರುವುದರಿಂದ. ನಿಮ್ಮ ಇಟ್ಟಿಗೆಯ ಗೋಡೆಯನ್ನು ಮುಂದೆ ಕೆಡವಿದಾಗ ಅದರೊಳಗಿನ ಸಾವಿರಾರು ಚೂರುಗಳನ್ನು ಹೆಕ್ಕುವವರು ಯಾರು? ಎರಡು ಕಸ ಸೇರಿ ಯಾವುದಕ್ಕೂ ಬಾರದ ಮೂರನೆಯ ಕಸವಾಗುತ್ತದೆ. ಮತ್ತೆ ಬಾಟಲಿಯೋ ನೂಲೋ ಆಗಬಲ್ಲ ಶುದ್ಧ ಪೆಟ್ ಅನ್ನು ಗೋಡೆಯಲ್ಲಿ ಹೂಳುವುದಂತೂ ಶುದ್ಧ ನಷ್ಟ.

ಮನೆ ಕಟ್ಟಲು ಇಂಥ ಬ್ಲಾಕ್ ಕೊಳ್ಳಲಿರುವ ನಿಮ್ಮ ಸ್ನೇಹಿತರು ಏನು ವಿಚಾರಿಸಬೇಕೆಂದೂ ಕೇಳಿದ್ದೀರಿ. ಗೋಡೆಗೆ ಪ್ಲಾಸ್ಟಿಕ್ ಸೇರದ, ಮರುಬಳಕೆ ಕಾಂಕ್ರೀಟಿನ ಬ್ಲಾಕ್ ಆರಿಸಿಕೊಳ್ಳಲಿ. ಭಾರ ತಾಳುವ ಶಕ್ತಿಯ ವರದಿ ಕೇಳಲಿ. ಒಣ ಬ್ಲಾಕನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ಮತ್ತೆ ತೂಗಿ ಎಷ್ಟು ನೀರು ಕುಡಿಯಿತೆಂಬುದನ್ನು ಎದುರಿಗೇ ಪರೀಕ್ಷಿಸಲಿ. ಪ್ಲಾಸ್ಟಿಕ್ ಬ್ಲಾಕ್ ಅಂಗಳದ ಕಾಲುದಾರಿಗೆ ಸಾಕು. ಅದನ್ನೇ ಗೋಡೆಗೂ ಹಾಕಿ ಎಂದು ಮಾರುವವರು ಒತ್ತಾಯಿಸಿದರೆ, ಬೆಂಕಿ ಪರೀಕ್ಷೆಯ ವರದಿ ನೋಡುವವರೆಗೆ ಮುಂಗಡ ಕೊಡುವುದು ಬೇಡ.

— ಸಂಪಾದಕ