ಕಪ್ಪಾದ ಬೆರಳು ಮತ್ತು ಮಿಕ್ಕ ದ್ರಾವಣ

ಪ್ರಶ್ನೆ: ಲ್ಯಾಬ್‌ನಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣ ಕೈಗೆ ಬಿತ್ತು. ನೀರಿನ ಹಾಗೇ ಇತ್ತು, ಒರೆಸಿಕೊಂಡೆ. ಸಂಜೆ ಹೊತ್ತಿಗೆ ಮೂರು ಬೆರಳು ಕಪ್ಪಾದವು. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ವಿಷ ಏರುತ್ತದೆಯೇ? ಇನ್ನೊಂದು ಪ್ರಶ್ನೆ: ಇವತ್ತು ಮಾಡಿದ ಟಾಲೆನ್ಸ್ ಕಾರಕ ಸ್ವಲ್ಪ ಮಿಕ್ಕಿದೆ. ಮುಂದಿನ ವಾರಕ್ಕೆ ಇಟ್ಟುಕೊಳ್ಳಬಹುದೇ?
— ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಇಡಬೇಡಿ. ಒಂದು ರಾತ್ರಿಯೂ ಬೇಡ. ಸಿಲ್ವರ್ ನೈಟ್ರೇಟ್‌ಗೆ ಅಮೋನಿಯ ಸೇರಿಸಿ ಮಾಡಿದ ಈ ಟಾಲೆನ್ಸ್ ಕಾರಕ ನಿಂತಲ್ಲೇ ನಿಂತರೆ ಸಿಲ್ವರ್ ನೈಟ್ರೈಡ್ ಎಂಬ ಕಪ್ಪು ವಸ್ತು ಹುಟ್ಟಬಹುದು. ಅದು ಸುಮ್ನೆ ಅಲುಗಾಡಿಸಿದರೂ ಸಿಡಿಯಬಲ್ಲದು. ಹೊಸದಾಗಿ ಪಾಠಕ್ಕೆ ಸೇರಿದಾಗ ನಾನೂ ಮರುದಿನದ ತರಗತಿಗೆಂದು ಒಂದು ಫ್ಲಾಸ್ಕ್ ತೆಗೆದಿಟ್ಟಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ನೋಡಿ, ಮನೆಗೆ ಹೊರಟವರು ವಾಪಸ್ ಬಂದು, ನನ್ನ ಎದುರೇ ಅದನ್ನು ನಾಶ ಮಾಡಿದರು. ವಿಧಾನ ಇಷ್ಟೇ: ದುರ್ಬಲ ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯ ಮಾಡುವುದು, ಆಮೇಲೆ ಉಪ್ಪಿನ ನೀರು ಹಾಕುವುದು. ಬೆಳ್ಳಿಯೆಲ್ಲ ಮೊಸರಿನಂಥ ಬಿಳಿ ಒತ್ತರವಾಗಿ ಕೆಳಗೆ ಕೂರುತ್ತದೆ. ಅದನ್ನು ಸಿಂಕಿಗೆ ಸುರಿಯದೆ ಬೆಳ್ಳಿ ತ್ಯಾಜ್ಯದ ಡಬ್ಬಿಗೆ ಹಾಕಿ. ಬೆಳ್ಳಿ ಅಯಾನು ಸ್ವಲ್ಪವೇ ಇದ್ದರೂ ಮೀನುಗಳಿಗೆ ವಿಷ. ಇದನ್ನು ನಿಮ್ಮ ಮೇಷ್ಟ್ರ ಎದುರಿಗೇ ಮಾಡಿ. ಎಲ್ಲಾದರೂ ಹಳೆಯ ಶೀಷೆಯಲ್ಲಿ ಕಪ್ಪು ಕಟ್ಟಿದ್ದು ಕಂಡರೆ ಮಾತ್ರ ಮುಟ್ಟಲೇಬೇಡಿ, ಅವರನ್ನು ಕರೆಯಿರಿ.

ಇನ್ನು ಬೆರಳು. ಗಾಬರಿ ಬೇಡ. ನಿಮ್ಮ ಬೆರಳ ಮೇಲಿರುವುದು ಬೆಳ್ಳಿಯೇ! ಅಯಾನು ಚರ್ಮದ ಪ್ರೋಟೀನಿಗೆ ಅಂಟಿಕೊಂಡು, ಬೆಳಕು ಬಿದ್ದಂತೆ ಅಪಕರ್ಷಣೆಗೊಂಡು (ಅಂದರೆ ಎಲೆಕ್ಟ್ರಾನ್ ಪಡೆದು), ತೀರಾ ಸಣ್ಣ ಲೋಹದ ಕಣಗಳಾಗುತ್ತದೆ. ಅಷ್ಟು ಸಣ್ಣದಾದಾಗ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಅದಕ್ಕೇ ತಾಗಿದ ಗಳಿಗೆಯಲ್ಲಿ ಏನೂ ಗೊತ್ತಾಗಲಿಲ್ಲ. ಸಿಲ್ವರ್ ನೈಟ್ರೇಟಿನ ಶುದ್ಧ ಹರಳು ಬರೀ ಬೆಳಕಿಗೆ ಅಷ್ಟು ಬೇಗ ಕಪ್ಪಾಗುವುದಿಲ್ಲ. ಜೊತೆಗೆ ಧೂಳೋ, ಕಾಗದವೋ, ಚರ್ಮವೋ ಬೇಕು. ಕಂದು ಬಾಟಲಿಯಲ್ಲಿ ಇಡುವುದು ಆದರೂ ಒಳ್ಳೆಯದೇ.

ಒಂದೆರಡು ವಾರದಲ್ಲಿ ಮೇಲಿನ ಚರ್ಮ ಉದುರಿದಂತೆ ಕಲೆಯೂ ಹೋಗುತ್ತದೆ. ಬ್ಲೀಚ್, ಬ್ಲೇಡು ಯಾವುದೂ ಬೇಡ. ಆದರೆ ಉರಿ, ಬೊಕ್ಕೆ ಇದ್ದರೆ ಡಾಕ್ಟರಿಗೆ ತೋರಿಸಿ. ಗಟ್ಟಿ ದ್ರಾವಣ ಮಾಂಸವನ್ನೇ ಸುಡುತ್ತದೆ. ಮೂಗಿನ ರಕ್ತ ನಿಲ್ಲಿಸಲು ವೈದ್ಯರು ಬಳಸುವ ಕಡ್ಡಿಯ ತುದಿಯಲ್ಲಿ ಇರುವುದೂ ಇದೇ, ಸಾಮಾನ್ಯವಾಗಿ 75 ಭಾಗ ಸಿಲ್ವರ್ ನೈಟ್ರೇಟ್, 25 ಭಾಗ ಪೊಟ್ಯಾಷಿಯಂ ನೈಟ್ರೇಟ್. ಮೈಯೆಲ್ಲ ನೀಲಿ-ಬೂದು ಆಗುವ ಆರ್ಜಿರಿಯಾ ಬರುವುದು ಬೆಳ್ಳಿ ಹೆಚ್ಚಾಗಿ ದೇಹದೊಳಗೆ ಸೇರಿದಾಗ. ಒಮ್ಮೆ ಬೆರಳಿಗೆ ತಾಗಿದ್ದಕ್ಕಲ್ಲ.

ನನಗೆ ಚಿಂತೆ ನಿಮ್ಮ ಬೆರಳಿನದಲ್ಲ, ಕಣ್ಣಿನದು. 1880ರಲ್ಲಿ ಲೈಪ್ಜಿಗ್‌ನಲ್ಲಿ ಕಾರ್ಲ್ ಕ್ರೇಡೆ ಎಂಬ ವೈದ್ಯರು ಹಸುಗೂಸುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟಿನ 2% ದ್ರಾವಣದ ಹನಿ ಹಾಕತೊಡಗಿದರು. ತಾಯಿಯಿಂದ ಬರುವ ಸೋಂಕಿಗೆ ಕಣ್ಣು ಕಳೆದುಕೊಳ್ಳುತ್ತಿದ್ದ ಎಷ್ಟೋ ಮಕ್ಕಳು ಉಳಿದುಕೊಂಡರು. ಅಷ್ಟು ತೆಳು ಹನಿಗೂ ಕೂಸುಗಳ ಕಣ್ಣು ಕೆಂಪೇರಿ ಊದುತ್ತಿತ್ತು. ಹಾಗಾಗಿ ಮುಂದೆ ಆ ಜಾಗಕ್ಕೆ ಆಂಟಿಬಯಾಟಿಕ್ ಬಂತು. ನಿಮ್ಮ ಟೈಟ್ರೇಷನ್ನಿನ 0.1 ಮೋಲಾರ್ ದ್ರಾವಣ ಸುಮಾರು 1.7%, ಹೆಚ್ಚುಕಡಿಮೆ ಅದೇ ಗಟ್ಟಿ. ಹರಳೋ ಅದಕ್ಕಿಂತ ಗಟ್ಟಿ ದ್ರಾವಣವೋ ಸಿಡಿದರೆ ಕಣ್ಣೇ ಹೋಗಬಹುದು. ಲ್ಯಾಬಿನ ಸುರಕ್ಷತಾ ಕನ್ನಡಕ ಹಾಕದೆ ಆ ಬಾಟಲಿ ತೆರೆಯಬೇಡಿ. ಸಿಡಿದೇ ಬಿಟ್ಟರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ನೀರು ಬಿಡಿ, ಆಮೇಲೆ ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.